ತಾಮ್ರದ ಕೊಡದೊಳಗೆ ಗುಪ್ತ ಮತದಾನ

ಐದು ಮತಗಳಲ್ಲಿ ಮೂರು ನನ್ನ ಕಿಸೆಯಲ್ಲಿದ್ದವು. ಇಷ್ಟು ಖಾತ್ರಿ ಇಟ್ಟುಕೊಂಡು ಯಾವ ಅಭ್ಯರ್ಥಿ ತಾನೇ ಕಣಕ್ಕೆ ಇಳಿದಿದ್ದಾನು? ಒಂದು ಮತ ನನ್ನದೇ. ಇನ್ನೊಂದು ನನ್ನನ್ನು ಹೆತ್ತ ಅವ್ವನದು. ಮೂರನೆಯದು ನನ್ನ ಮಗ ಮಹಾಂತೇಶನದು. ಹೆಂಡತಿ ಶಕುಂತಲಾ, ಸೊಸೆ ಸವಿತಾ ಇವರಿಬ್ಬರ ಮತಗಳನ್ನು ನಾನು ಆರಂಭದಲ್ಲೇ ದೊಡ್ಡ ಮನಸ್ಸು ಮಾಡಿ ಎದುರು ಪಕ್ಷಕ್ಕೆ ಬಿಟ್ಟುಕೊಟ್ಟಿದ್ದೆ. ಮೂರಕ್ಕೆ ಎರಡು! ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ, ಆದರೆ ಇಷ್ಟು ಲೆಕ್ಕ ನನಗೂ ಬರುತ್ತದೆ.

ಪಣಕ್ಕೆ ಇದ್ದದ್ದು ಸುವರ್ಣಸೌಧವಲ್ಲ, ಬೆಳಗಾವಿಯ ಅನಗೋಳದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆ, ನಮ್ಮ ಕಡೆಯ ಮಾತಿನಲ್ಲಿ ಖೋಲಿ. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ ನನ್ನ ಆಯುಷ್ಯದ ಬಹುಭಾಗ ಬಸ್ಸಿನಲ್ಲೇ ಕಳೆಯಿತು. ಮುಂಜಾನೆ ಬೆಳಗಾವಿಯಿಂದ ಖಾನಾಪುರಕ್ಕೆ ನಿಂತುಕೊಂಡು, ಸಂಜೆ ಖಾನಾಪುರದಿಂದ ಬೆಳಗಾವಿಗೆ ಜೋತುಬಿದ್ದುಕೊಂಡು. ಕಂಬಿ ಹಿಡಿದು ನಿಂತಾಗಲೆಲ್ಲ ಒಂದೇ ಕನಸು ಕಾಣುತ್ತಿದ್ದೆ: ನಿವೃತ್ತನಾದ ಮೇಲೆ ಒಂದು ಕಡೆ ಕೂಡಬೇಕು. ಆ ಒಂದು ಕಡೆಯೇ ಮುಂದಿನ ಖೋಲಿ. ಕಿಟಕಿಯ ಪಕ್ಕ ಕುರ್ಚಿ, ಕೈಯಲ್ಲಿ ಪೇಪರು, ಮುಂದೆ ಚಹಾ. ನಿವೃತ್ತನಾದ ಮರುದಿನವೇ ಹೋಗಿ ಗಂಭೀರವಾಗಿ ಕೂತೆ. ಐದು ನಿಮಿಷಕ್ಕೆ ಎದ್ದೆ. ಬಾಗಿಲತನಕ ಹೋಗಿ ಬಂದೆ. ಮತ್ತೆ ಕೂತೆ. ಮತ್ತೆ ಎದ್ದೆ! ಕೂಡುವ ಕನಸು ಕಂಡದ್ದೇ ಹೊರತು ಕೂಡುವ ಅಭ್ಯಾಸ ನನಗಿರಲಿಲ್ಲ. ಆದರೂ ಖೋಲಿ ನನ್ನದು ಎಂಬ ಸಮಾಧಾನವಿತ್ತು. ಎದ್ದು ತಿರುಗಾಡುವವನಿಗೂ ವಾಪಸು ಬರಲು ಒಂದು ಜಾಗ ಬೇಕಲ್ಲ.

ಹೀಗಿರುವಾಗ ಒಂದು ದಿನ ಶಕುಂತಲಾ ಬಂದು ಬಾಗಿಲಲ್ಲಿ ನಿಂತಳು.

"ರೀ, ಮುಂದಿನ ಖೋಲಿ ನನಗ ಬೇಕ್ರಿ."

"ಯಾತಕ್ಕ?"

"ರೊಟ್ಟಿ ಅಂಗಡಿ ಹಾಕ್ತೀನಿ. ಒಳಗ ಅಡಿಗಿ ಮನ್ಯಾಗ ಬಡೀತೀನಿ, ಇಲ್ಲಿ ಇಟ್ಟು ಮಾರ್ತೀನಿ. ಓಣ್ಯಾಗ ಮಂದಿ ಎಲ್ಲಾ ಕೇಳಾಕತ್ತಾರ. ಬಾಜೂ ಮನಿ ಖೈರೂನಬಿ ಅಂತೂ ದಿನಾ ಬಂದು ಬೆನ್ನ ಹತ್ಯಾಳ."

ಶಕುಂತಲಾಳ ಜೋಳದ ರೊಟ್ಟಿಯ ಬಗ್ಗೆ ನನಗೆ ತಕರಾರಿಲ್ಲ. ಅದು ಹಂಚಿನ ಮೇಲೆ ಉಬ್ಬುವಾಗ ಖೈರೂನಬಿಯ ಮನೆಯವರು ಗೋಡೆಯಾಚೆಯಿಂದಲೇ ವಾಸನೆ ಹಿಡಿದು ತಾಟು ತೊಳೆಯುತ್ತಾರೆ. ಆದರೆ ನನ್ನ ಖೋಲಿ!

"ಮತ್ತ ನಾ?" ಎಂದೆ.

"ನೀವು ಇರ್ರಿ. ನಿಮಗ ಯಾರು ಬ್ಯಾಡ ಅಂದಾರ?"

"ಇರ್ತೀನಿ ಖರೇ. ಎಲ್ಲಿ ಇರ್ಲಿ?"

ಅವಳು ಉತ್ತರ ಹೇಳಲು ಬಾಯಿ ತೆರೆದಳು. ನಡುವಿನ ಖೋಲಿ ಅವ್ವನದು. ಮಾಳಿಗೆಯ ಮೇಲಿನದು ಮಗ-ಸೊಸೆಯದು. ಹಿಂದೆ ಅಡುಗೆಮನೆ. ಅವಳು ಮನೆಯನ್ನೆಲ್ಲ ಕಣ್ಣಲ್ಲೇ ಒಂದು ಸುತ್ತು ಹಾಕಿ ಬಂದು, ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಭಯವಾಯಿತು. ಶಾಲೆಯಲ್ಲಿ ನನ್ನ ಕುರ್ಚಿಯ ಮೇಲೆ ಆಗಲೇ ಬೇರೆ ಮಾಸ್ತರರು ಕೂತಿದ್ದರು. ಬಸ್ಸಿನಲ್ಲಿ ನನ್ನ ಕಂಬಿಯನ್ನೂ ಯಾರೋ ಹಿಡಿದಿರಬೇಕು. ಇನ್ನು ಮನೆಯಲ್ಲೂ ಜಾಗವಿಲ್ಲ ಎಂದರೆ ನಾನು ಹೋಗುವುದಾದರೂ ಎಲ್ಲಿಗೆ?

ಭಯವಾದಾಗ ಮಾಸ್ತರರು ನಿಯಮ ಹೇಳುತ್ತಾರೆ. ನಾನೂ ಹೇಳಿದೆ: "ಇದು ಮನಿ ಮಂದಿ ಎಲ್ಲಾ ಕೂಡಿ ಠರಾಯಿಸೂ ವಿಷಯ. ಮತಕ್ಕ ಹಾಕೂಣು!"

"ಹಾಕ್ರಿ. ಎಲ್ಲಾರೂ ಮನ್ಯಾಗ ಅದಾರ. ಕೈ ಎತ್ತಸ್ರಿ, ಐದು ಮಿನಿಟಿನ ಕೆಲಸ," ಎಂದಳು ಅವಳು.

ಅಲ್ಲಿಗೆ ಒಪ್ಪಿಕೊಂಡಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ನಾನು ಯೋಚಿಸಿದೆ: ಅವ್ವನಿಗೆ ಹೊತ್ತು ಹೊತ್ತಿಗೆ ಬಡಿಸುವವಳು ಶಕುಂತಲಾ. ಅವಳೆದುರು ಅವ್ವ ನನ್ನ ಪರವಾಗಿ ಕೈ ಎತ್ತಿಯಾಳೇ? ಮಹಾಂತೇಶ ಆಟೋ ನಗರದಲ್ಲಿ ಸ್ವಂತ ಗ್ಯಾರೇಜು ನಡೆಸುವವನು, ಲಾರಿಯ ಎಂಜಿನ್ನು ಬಿಚ್ಚಲು ಹಿಂಜರಿಯದವನು, ತಾಯಿಯೆದುರು ಮಾತ್ರ ಮೆತ್ತಗಾಗುತ್ತಾನೆ. ಇವರಿಬ್ಬರ ಅಂತರಂಗದಲ್ಲಿ ನನ್ನ ಮೇಲಿರುವ ಪ್ರೀತಿ ಹೊರಬರಬೇಕಾದರೆ ಅದನ್ನು ಯಾರೂ ನೋಡಬಾರದು. ಆದ್ದರಿಂದ ಬ್ಯಾಲೆಟ್! ಗುಪ್ತ ಬ್ಯಾಲೆಟ್!

ಆ ಶಬ್ದವೆಂದರೆ ನನಗೆ ಮೊದಲಿನಿಂದಲೂ ವಿಶೇಷ ಮಮತೆ. ಖಾನಾಪುರದ ಮಕ್ಕಳಿಗೆ ಪ್ರತಿ ವರ್ಷ ಅದರ ಕಥೆ ಹೇಳುತ್ತಿದ್ದೆ. ಈಗ ಹೇಳಿಸಿಕೊಳ್ಳುವ ಮಕ್ಕಳಿಲ್ಲದ್ದರಿಂದ ಊಟಕ್ಕೆ ಕೂತ ಮನೆಮಂದಿಗೆ ಹೇಳಿದೆ. ಬ್ಯಾಲೆಟ್ ಎಂದರೆ ಇವತ್ತು ನಾವು ಮತಪತ್ರ ಎನ್ನುತ್ತೇವೆ. ಮತ ಹಾಕುವ ಕ್ರಿಯೆಗೂ ಅದೇ ಶಬ್ದ, ಬಿದ್ದ ಒಟ್ಟು ಮತಗಳಿಗೂ ಅದೇ ಶಬ್ದ. ಆದರೆ ಮೂಲದಲ್ಲಿ, ಇಟಲಿಯವರ ಮಾತಿನಲ್ಲಿ, ಅದರ ಅರ್ಥ ಸಣ್ಣ ಗುಂಡು. ಹಿಂದಿನವರು ಕಾಗದದ ಬದಲು ಗುಂಡು ಹಾಕುತ್ತಿದ್ದರು. ಬಿಳಿ ಗುಂಡು ಹಾಕಿದರೆ ಹೌದು, ಕರಿ ಗುಂಡು ಹಾಕಿದರೆ ಅಲ್ಲ. ಕಾಲ ಕಳೆದಂತೆ ಗುಂಡು ಹೋಯಿತು, ಹೆಸರು ಉಳಿಯಿತು.

"ಗುಂಡು ಹೋಗಿದ್ದು ಚಲೋ ಆತಲ್ರಿ ಮತ್ತ," ಎಂದಳು ಶಕುಂತಲಾ.

"ಇಲ್ಲ! ನಾವು ಗುಂಡನ್ನ ತಿರುಗಿ ತರೋಣು. ಚೀಟಿ ಬರದ್ರ ಅಕ್ಷರದಾಗ ಗುರುತು ಸಿಗತೈತಿ. ಅವ್ವಗ ಬರಿಯಾಕ ಬರೂದಿಲ್ಲ. ಗುಂಡಿಗೆ ಅಕ್ಷರ ಎಲ್ಲಿಂದ ಬರಬೇಕು?"

ಯಾರೂ ಮಾತಾಡಲಿಲ್ಲ. ನನ್ನ ವಾದಕ್ಕೆ ತಲೆದೂಗಿದರು ಎಂದುಕೊಂಡೆ. ಎಲ್ಲರ ಬಾಯಲ್ಲೂ ರೊಟ್ಟಿಯಿತ್ತು ಎಂಬುದು ಆಮೇಲೆ ಹೊಳೆಯಿತು.

ಮರುದಿನ ಅಭ್ಯಾಸ ಮತದಾನ ಏರ್ಪಡಿಸಿದೆ. ಬಿಳಿ ಗುಂಡಿಗೆ ಹುರಿದ ಬಟಾಣಿ, ಕರಿ ಗುಂಡಿಗೆ ಕರಿ ಕಡಲೆ, ವಾಟಗ ಎನ್ನುವ ಎರಡು ಸಣ್ಣ ಬಟ್ಟಲುಗಳಲ್ಲಿ ಇಟ್ಟು ಎಲ್ಲರನ್ನೂ ಕರೆದೆ. ಕರೆದು ತಿರುಗಿ ನೋಡುವಷ್ಟರಲ್ಲಿ ಅವ್ವ ಮೊದಲೇ ಬಂದು ಕೂತಿದ್ದಳು. ಕಟುಂ ಕಟುಂ ಸದ್ದು ಬರುತ್ತಿತ್ತು.

"ಅವ್ವಾ! ಅದು ಮತ!"

"ಹಸಿ ಐತಿ ಬಸು. ಇನ್ನೊಂದೀಟು ಹುರೀಬೇಕಿತ್ತು," ಎಂದಳು ಅವ್ವ. ವಯಸ್ಸು ಎಂಬತ್ತು ದಾಟಿದರೂ ಹಲ್ಲು ಇನ್ನೂ ಕಬ್ಬು ಸಿಗಿಯುವಂಥವು. ಅವಳ ಪಕ್ಕ ಸವಿತಾ ಕೂತಿದ್ದಳು. ಅವಳ ಬಾಯಲ್ಲೂ ಎದುರು ಪಕ್ಷದ ಮತಗಳಿದ್ದವು. ತಿನ್ನಲು ಬರುವ ಮತ ಉಪಯೋಗಕ್ಕಿಲ್ಲ ಎಂಬ ಪಾಠ ಕಲಿತೆ.

ಸ್ಕೂಟರು ಹತ್ತಿ ಆಟೋ ನಗರಕ್ಕೆ ಹೋದೆ. ಮಹಾಂತೇಶ ಒಂದು ಲಾರಿಯ ಕೆಳಗಿನಿಂದ ತಲೆ ಹೊರಹಾಕಿ, "ಅಪ್ಪಾ, ನೀವ್ಯಾಕ ಬಂದ್ರಿ? ಮನ್ಯಾಗ ಎಲ್ಲಾ ಆರಾಮಲಾ?" ಎಂದ.

"ಹಳೇ ಬೇರಿಂಗಿನ ಗುಂಡು ಅದಾವೇನು? ದೊಡ್ಡವು?"

"ಯಾಕ? ಗೋಲಿ ಆಡ್ತೀರೇನು?"

"ಮತದಾನಕ್ಕೋ!"

ಅವನ ತಲೆ ಮತ್ತೆ ಲಾರಿಯ ಕೆಳಗೆ ಹೋಯಿತು. ಅಲ್ಲಿಂದ ನಗುವ ಸದ್ದು ಬಂತು. ಕಡೆಗೂ ಒಂದು ಹಿಡಿ ಉಕ್ಕಿನ ಗುಂಡು ಕೊಟ್ಟ, ಗ್ರೀಸಿನ ಸಮೇತ. ನಾನು ಅವಸರದಲ್ಲಿ ಬಿಳಿ ಅಂಗಿಯ ಕಿಸೆಗೆ ಸುರಿದುಕೊಂಡು ಬಂದೆ. ಆ ಅಂಗಿಯ ಗತಿ ಏನಾಯಿತು, ಶಕುಂತಲಾ ಏನಂದಳು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಕರಿ ಗುಂಡಿಗೆ ಅವ್ವನ ಎರೆಯುವ ಸಾಮಾನಿನ ಡಬ್ಬಿಯಿಂದ ಅಂಟವಾಳಕಾಯಿ ತೆಗೆದೆ. ತಲೆಗೆ ಹಚ್ಚುವ ಕಾಯಿ, ದುಂಡಗೆ, ಕಪ್ಪಗೆ, ಮುಷ್ಟಿಯಲ್ಲಿ ಹಿಡಿದರೆ ಉಕ್ಕಿನ ಗುಂಡೋ ಕಾಯಿಯೋ ಯಾರಿಗೂ ತಿಳಿಯದು. ಅದಕ್ಕಿಂತ ಮುಖ್ಯ, ಅವ್ವ ತಿನ್ನುವಂತಿರಲಿಲ್ಲ!

ಮತಪೆಟ್ಟಿಗೆಗೆ ಅವ್ವ ತವರಿನಿಂದ ತಂದ ತಾಮ್ರದ ಕೊಡವೇ ಸರಿ ಎನಿಸಿತು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಳಗೆ ಇಣುಕಿದರೆ ಕತ್ತಲೆ. ಅದರ ಬಾಯಿಗೆ ಬಟ್ಟೆ ಕಟ್ಟಿ, ಗುಂಡು ಹೋಗುವಷ್ಟೇ ತೂತು ಬಿಟ್ಟೆ. ದೂರ ನಿಂತು ನೋಡಿದೆ. ಹತ್ತಿರ ಬಂದು ನೋಡಿದೆ. ಬಗ್ಗಿ ನೋಡಿದೆ. ಯಾವ ಕಡೆಯಿಂದ ನೋಡಿದರೂ ಒಳಗಿನದು ಕಾಣದು. ನೋಡುವುದರ ಬಗ್ಗೆ ಇಷ್ಟು ಕಾಳಜಿ ಮಾಡಿದ ನಾನು ಮನುಷ್ಯನಿಗೆ ಕಿವಿ ಎಂಬ ಎರಡು ಅಂಗಗಳಿವೆ ಎಂಬುದನ್ನು ಪೂರ್ತಿ ಮರೆತೆ.

ಇನ್ನು ಬೇಕಾದದ್ದು ಚುನಾವಣಾ ಅಧಿಕಾರಿ. ನಿಷ್ಪಕ್ಷಪಾತಿಯಾಗಿರಬೇಕು, ಅನುಭವಸ್ಥನಾಗಿರಬೇಕು. ಖಾನಾಪುರದಲ್ಲಿರುವ ಈರಣ್ಣನವರ ನೆನಪಾಯಿತು. ಸರಕಾರಿ ನೌಕರಿಯಲ್ಲಿ ಇದ್ದಷ್ಟು ಕಾಲ ಒಂದು ಚುನಾವಣೆ ಡ್ಯೂಟಿಯನ್ನೂ ತಪ್ಪಿಸಿಕೊಳ್ಳದ, ಬದಲಿಗೆ ಕೇಳಿ ಕೇಳಿ ಹಾಕಿಸಿಕೊಂಡ ಏಕೈಕ ಮನುಷ್ಯ. ಅವರು ಶಕುಂತಲಾಳ ಸ್ವಂತ ಅಣ್ಣ ಎಂಬುದು ನನಗೆ ಗೊತ್ತಿತ್ತು. ಆದರೆ ಹೆಂಡತಿಯ ಅಣ್ಣನನ್ನೇ ಕರೆಸಿದರೆ ಸೋತ ಮೇಲೆ ಅವಳು ತಕರಾರು ಹಾಕುವಂತಿಲ್ಲವಲ್ಲ! ಈ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಜಾಗವಿತ್ತು. ಆದರೂ ಅಭ್ಯಾಸಬಲದಿಂದ ಖಾನಾಪುರದವರೆಗೂ ನಿಂತೇ ಹೋದೆ.

ಈರಣ್ಣನವರು ಅಂಗಳದಲ್ಲಿ ನಿಂತು ಪಕ್ಕದ ಮನೆಯವರೊಂದಿಗೆ ಮರಾಠಿಯಲ್ಲಿ ಏನೋ ಜಗಳವಾಡುತ್ತಿದ್ದವರು, ನನ್ನನ್ನು ಕಂಡು ಕನ್ನಡಕ್ಕೆ ಬಂದರು.

"ಬರ್ರಿ ಮಾಸ್ತರ್ರ, ಕುಂದರ್ರಿ. ದಿನಾ ಊರಿಗೆ ಬಂದ್ರೂ ಮನೀಗೆ ಬರದವ್ರು ಇವತ್ತು ಮನೀತನಾ ಬಂದೀರಿ?"

ವಿಷಯ ಹೇಳಿದೆ. ಅವರ ಕಣ್ಣಲ್ಲಿ ಬೆಳಕು ಬಂತು. ನಿವೃತ್ತರಾದ ಮೇಲೆ ಅವರಿಗೂ ಯಾರೂ ಡ್ಯೂಟಿ ಹಾಕಿರಲಿಲ್ಲ.

"ಬರ್ತೀನ್ರಿ. ಆದ್ರ ನಾ ಬಂದೆ ಅಂದ್ರ ಕಾಯ್ದೆ ಪ್ರಕಾರ. ಮನ್ಯಾಗ ಕಾಲಿಟ್ಟ ಗಳಿಗಿಂದ ಆಚಾರ ಸಂಹಿತಿ ಲಾಗೂ. ಸರಿಸಮ ಮತ ಬಿತ್ತಂದ್ರ ಠರಾವು ಬಿತ್ತು, ಖೋಲಿ ಈಗ ಹೆಂಗೈತಿ ಹಂಗ. ತಂಗಿ ಇಲ್ಲ, ಮಾಸ್ತರ ಇಲ್ಲ. ನನಗ ಎಲ್ಲಾರೂ ಮತದಾರರ."

"ಅದ ಬೇಕಾಗಿದ್ದು!" ಎಂದು ನಾನು ಕೈ ಕುಲುಕಿದೆ.

ಶುಕ್ರವಾರ ಅವರು ಬಂದರು. ಮತದಾನ ರವಿವಾರ. ನಡುವಿನ ಎರಡು ದಿನ ಸುಮ್ಮನಿರುವುದು ನನ್ನ ಕೆಲಸವಾಗಿತ್ತು. ನನಗೆ ಜೀವಮಾನದಲ್ಲಿ ಬಾರದ ಕೆಲಸ ಅದೊಂದೇ. ಕೊಡ ನೋಡಿದೆ, ಗುಂಡು ಎಣಿಸಿದೆ, ಬಾಗಿಲಿಗೆ ಹೋದೆ, ಬಂದೆ. ಅಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಶಕುಂತಲಾ ಅವ್ವನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟು, ಪಕ್ಕದಲ್ಲಿ ಎಣ್ಣೆಗಾಯಿ ಬಡಿಸುವುದು ಕಾಣಿಸಿತು. ಅವ್ವನ ಮುಖ ಅರಳಿತು.

"ಈರಣ್ಣಾರ! ಇದು ಆಮಿಷ! ಮತದಾರರಿಗೆ ಆಮಿಷ!"

"ಆಮಿಷ ಅಂದ್ರ?" ಎಂದಳು ಶಕುಂತಲಾ. "ದಿನಾ ಮಾಡೂದ ಅಲ್ರಿ ಇದು?"

ಈರಣ್ಣನವರು ತಮ್ಮ ತಾಟಿನ ಎರಡನೆಯ ರೊಟ್ಟಿಯನ್ನು ದುಃಖದಿಂದ ನೋಡಿದರು. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಮಾಸ್ತರ್ರ ತಕರಾರು ಕಾಯ್ದೆಕ್ಕ ಬರೋಬರಿ ಐತಿ. ರೊಟ್ಟಿ ಅಂಗಡಿ ಬೇಕನ್ನವ್ರು ಮತದಾರರಿಗೆ ರೊಟ್ಟಿ ಹಾಕಾಕ ಬರೂದಿಲ್ಲ. ರವಿವಾರದತನಾ ಈ ಮನ್ಯಾಗ ರೊಟ್ಟಿ ಬಂದ್!"

ಗೆದ್ದೆ ಎಂದು ನಾನು ಹಿಗ್ಗಿದೆ. ನಾನೂ ಮತದಾರನೇ, ಆದ್ದರಿಂದ ನನಗೂ ರೊಟ್ಟಿ ಬಂದ್ ಎಂಬುದು ಸಂಜೆ ತಾಟಿನಲ್ಲಿ ಉಪ್ಪಿಟ್ಟು ಬಂದಾಗಲೇ ತಿಳಿದದ್ದು. ಶನಿವಾರ ಮುಂಜಾನೆ ಉಪ್ಪಿಟ್ಟು. ಮಧ್ಯಾಹ್ನ ಅನ್ನ. ಸಂಜೆ ಉಳಿದ ಉಪ್ಪಿಟ್ಟು. ಮಹಾಂತೇಶನ ಡಬ್ಬಿಗೂ ಅದೇ ಹೋಯಿತು. ಗ್ಯಾರೇಜಿನಲ್ಲಿ ಅವನ ಡಬ್ಬಿಗೆ ಕಾಯುವ ಗೆಳೆಯರು ಅದನ್ನು ತೆರೆದು ನೋಡಿ, ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಗಾಬರಿಯಿಂದ ವಿಚಾರಿಸಿದರಂತೆ. ಅವ್ವ ತಾಟು ನೋಡಿದಳು, ನನ್ನನ್ನು ನೋಡಿದಳು, ಮಾತಾಡಲಿಲ್ಲ. ಅವ್ವ ಮಾತಾಡದಿದ್ದರೆ ಒಪ್ಪಿಗೆ ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕದ ಯೋಗ್ಯತೆ ಮೊದಲೇ ಹೇಳಿದ್ದೇನೆ.

ನಾನು ಮಾತ್ರ ಕಾವಲು ಬಿಡಲಿಲ್ಲ. ಕದ್ದುಮುಚ್ಚಿ ಎಲ್ಲಿ ಯಾರಿಗೆ ರೊಟ್ಟಿ ಹಾಕಿಬಿಡುತ್ತಾಳೋ ಎಂದು ಮತ್ತೆ ಮತ್ತೆ ಅಡುಗೆಮನೆಗೆ ಹೋಗಿ ಬಂದೆ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಹಂಚು ಬಿಸಿಯಾಗಿದೆಯೇ ಎಂದು ಬೆರಳಿಟ್ಟೆ. ಬಿಸಿಯಿತ್ತು! ಖೈರೂನಬಿಗೆ ಹಪ್ಪಳ ಸುಟ್ಟು ಕೊಟ್ಟಿದ್ದಳಂತೆ. ಬೆರಳಿಗೆ ಬೆಣ್ಣೆ ಹಚ್ಚಿಕೊಂಡೆ. ಶಕುಂತಲಾ ಹಲ್ಲು ಕಚ್ಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದಳು.

ರವಿವಾರ ಬಂತು. ಮುಂದಿನ ಖೋಲಿಯ ಮೂಲೆಯಲ್ಲಿ ಹಗ್ಗ ಕಟ್ಟಿ ಹಾಸಿಗೆಯ ಹೊದಿಕೆ ಇಳಿಬಿಟ್ಟೆವು. ಅದರ ಹಿಂದೆ ಸ್ಟೂಲು, ಸ್ಟೂಲಿನ ಮೇಲೆ ಕೊಡ, ಪಕ್ಕದಲ್ಲಿ ಎರಡು ವಾಟಗ. ಈಚೆಗೆ ಚಾಪೆಯ ಮೇಲೆ ಮತದಾರರು. ಹೊರಗೆ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಖೈರೂನಬಿ, ಅವಳ ಹಿಂದೆ ಓಣಿಯ ಇನ್ನಷ್ಟು ಹೆಣ್ಣುಮಕ್ಕಳು. ಕಿಟಕಿ ಹಾಕಲು ಹೋದೆ. ಈರಣ್ಣನವರು, "ಮತದಾನ ಗುಪ್ತ ಇರಬೇಕು, ಮತಗಟ್ಟಿ ಅಲ್ಲ," ಎಂದು ತಡೆದರು.

"ಉಕ್ಕಿನ ಗುಂಡು ಹಾಕಿದ್ರ ಅಂಗಡಿ ಬೇಕು. ಕರೇ ಕಾಯಿ ಹಾಕಿದ್ರ ಬ್ಯಾಡ," ಎಂದು ಅವರು ಘೋಷಿಸಿದರು. "ಮೊದಲ ಹಿರ್ಯಾರು. ತಕರಾರಿನವ್ರು ಇಬ್ಬರೂ ಕಡೀಕ."

ಅವ್ವ ಎದ್ದು ಪರದೆಯ ಹಿಂದೆ ಹೋದಳು. ಬಹಳ ಹೊತ್ತು ಏನೂ ಇಲ್ಲ. ನಾನು ಎದ್ದು ನಿಂತೆ, ಕೂತೆ, ಮತ್ತೆ ನಿಂತೆ. ಆಗ

ಠಣ್!

ತಾಮ್ರದ ಕೊಡ ದೇವಸ್ಥಾನದ ಗಂಟೆಯಂತೆ ಮೊಳಗಿತು. ಉಕ್ಕಿನ ಗುಂಡು ತಳಕ್ಕೆ ಬಿದ್ದು ಒಳಗೇ ಗಿರಗಿರನೆ ಸುತ್ತು ಹಾಕಿ ಇನ್ನೂ ನಾಲ್ಕು ಸಲ ಹಾಡಿತು. ಓಣಿಯ ನಾಯಿ ಬೊಗಳಿತು.

"ಒಂದಾತು! ರೊಟ್ಟಿದು!" ಎಂದು ಖೈರೂನಬಿ ಹೊರಗಿನಿಂದ ಕೂಗಿದಳು.

"ಈರಣ್ಣಾರ, ನಿಲ್ಲಸ್ರಿ! ಸಪ್ಪಳ ಕೇಳಸತೈತಿ! ಗುಪ್ತ ಎಲ್ಲಿ ಉಳೀತು?"

"ಗುಪ್ತ ಅಂದ್ರ ಯಾರೂ ನೋಡಬಾರದು. ಯಾರರ ನೋಡ್ಯಾರೇನು?"

"ನೋಡಿಲ್ಲ. ಆದ್ರ ಕೇಳ್ಯಾರಲಾ!"

"ಕೇಳಬಾರದು ಅಂತ ಕಾಯ್ದೆದಾಗ ಮನಾಯಿ ಇಲ್ಲ. ಕುಂದರ್ರಿ."

ಕೊಡದಲ್ಲಿ ಅರಿವೆ ತುರುಕೋಣ ಎಂದೆ. ಮತದಾನ ಚಾಲೂ ಆದ ಮೇಲೆ ಪೆಟ್ಟಿಗೆ ಮುಟ್ಟುವಂತಿಲ್ಲ ಎಂದರು. ಅಷ್ಟರಲ್ಲಿ ಅವ್ವ ಹೊರಗೆ ಬಂದು ನನ್ನ ಎದುರೇ ಕೂತಳು.

"ಅವ್ವಾ, ನಾ ನಿನ್ನ ಮಗ ಅಲ್ಲೇನು?"

"ಹೌದಪಾ. ಅದಕ್ಕ ಎರಡು ದಿನಾ ಉಪ್ಪಿಟ್ಟು ನುಂಗೇನಿ. ಬ್ಯಾರೆ ಯಾರರ ಆಗಿದ್ರ ತಾಟು ಒಗೀತಿದ್ದೆ."

ಮಹಾಂತೇಶ ಎದ್ದ. ನನ್ನತ್ತ ಕಣ್ಣು ಹೊಡೆದ. ಅವನ ಉಪಾಯ ನನಗೆ ಹೊಳೆಯಿತು: ಕಾಯಿ ಹಾಕಿ, ಸದ್ದು ಗೊತ್ತಾಗದಂತೆ ಜೋರಾಗಿ ಕೆಮ್ಮುತ್ತಾನೆ! ಎಷ್ಟಾದರೂ ನನ್ನ ಮಗ! ಠಣ್! ಆಮೇಲೆ ಕೆಮ್ಮಿದ. ಉಪಾಯ ಮಾಡಿದ್ದು ನನ್ನಿಂದ ಮುಚ್ಚಿಡಲು, ಅದರಲ್ಲೂ ಗುಂಡು ಮೊದಲು ಬಿತ್ತು, ಕೆಮ್ಮು ತಡವಾಯಿತು. ನನ್ನ ಮಗ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

"ಎರಡು!" ಎಂದಳು ಖೈರೂನಬಿ.

ಸವಿತಾ ಹೋದಳು. ಠಣ್, ಟಪ್! ಎರಡೂ ಕೂಡಿಯೇ ಬಿದ್ದವು. ಈರಣ್ಣನವರು ಹುಬ್ಬೇರಿಸಿದರು. "ಇದು ಕುಲಗೆಟ್ಟ ಮತ. ಲೆಕ್ಕಕ್ಕಿಲ್ಲ."

"ನನಗ ಅತ್ತಿಯಾರೂ ಬೇಕು, ಮಾವಾರೂ ಬೇಕ್ರಿ," ಎಂದು ಸವಿತಾ ನೆಲ ನೋಡುತ್ತ ಬಂದು ಕೂತಳು. ಮನೆಯಲ್ಲಿ ರಾಜಕೀಯ ಬಲ್ಲವಳು ಅವಳೊಬ್ಬಳೇ ಎಂದು ಅಂದು ಗೊತ್ತಾಯಿತು.

ಎರಡಕ್ಕೆ ಸೊನ್ನೆ. ಶಕುಂತಲಾ ಎದ್ದಳು. ಇನ್ನೇನು ಉಳಿಯಿತು? ಅವಳ ಠಣ್ ಒಂದು ಬಿದ್ದರೆ ಮುಗಿಯಿತು. ನಾನು ಖೋಲಿಯ ಗೋಡೆಗಳನ್ನು ಒಂದೊಂದಾಗಿ ನೋಡಿಕೊಂಡೆ. ಹೊರಗೆ ಖೈರೂನಬಿ "ಮೂರು" ಎನ್ನಲು ಬಾಯಿ ತೆರೆದುಕೊಂಡೇ ಕೂತಿದ್ದಳು.

ಟಪ್.

ಅಷ್ಟೇ. ಮೆತ್ತಗೆ, ಒಂದೇ ಸಲ. ಗಿರಗಿರ ಇಲ್ಲ, ಹಾಡಿಲ್ಲ. ಖೈರೂನಬಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಶಕುಂತಲಾ ಹೊರಬಂದು, ಯಾರ ಮುಖವನ್ನೂ ನೋಡದೆ, ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ಕೂತಳು.

ಈರಣ್ಣನವರು ಗಂಟಲು ಸರಿಮಾಡಿಕೊಂಡು, "ಎರಡಕ್ಕ ಒಂದು. ಮಾಸ್ತರ್ರ, ನಡೀರಿ," ಎಂದರು.

ಪರದೆಯ ಹಿಂದೆ ನಾನು ಒಬ್ಬನೇ. ಒಂದು ಅಂಟವಾಳಕಾಯಿ ಹಾಕಿದರೆ ಸರಿಸಮ, ಖೋಲಿ ನನ್ನದು. ಕಾಯಿ ಎತ್ತಿಕೊಂಡೆ. ಆಚೆಗೆ ಇಡೀ ಓಣಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಇವಳು ಯಾಕೆ ಹೀಗೆ ಮಾಡಿದಳು? ತನ್ನ ಅಂಗಡಿಗೆ ತಾನೇ ಬೇಡವೆಂದಳಲ್ಲ! ನನಗಾಗಿಯೇ, ಮತ್ತೆ ಯಾರಿಗಾಗಿ? ನಾನು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಅಷ್ಟೂ ವರ್ಷ ಅವಳು ನಸುಕಿನಲ್ಲಿ ಎದ್ದು ಒಲೆಯ ಮುಂದೆ ನಿಂತಿದ್ದಳು. ನನ್ನ ಡಬ್ಬಿಯ ರೊಟ್ಟಿ ಅಲ್ಲಿಂದಲೇ ಬರುತ್ತಿತ್ತು. ನಿಂತವನು ನಾನೊಬ್ಬನೇ ಎಂದು ಇಷ್ಟು ದಿನ ತಿಳಿದಿದ್ದೆನಲ್ಲ! ನನಗೆ ನಾಚಿಕೆಯಾಯಿತು. ಕಣ್ಣೂ ಸ್ವಲ್ಪ ಮಂಜಾಯಿತು. ಕಾಯಿಯನ್ನು ವಾಟಗದಲ್ಲಿ ಇಟ್ಟೆ. ಉಕ್ಕಿನ ಗುಂಡು ಎತ್ತಿಕೊಂಡೆ, ಎಲ್ಲರಿಗೂ ಕೇಳಿಸಲೆಂದು ಕೈ ಎಷ್ಟು ಎತ್ತರ ಹೋಗುತ್ತದೋ ಅಷ್ಟು ಎತ್ತರದಿಂದ ಬಿಟ್ಟೆ.

ಗುಂಡು ಕೊಡದ ಕಂಠಕ್ಕೆ ಬಡಿದು ನನ್ನ ಕಾಲ್ಬೆರಳ ಮೇಲೆ ಬಿತ್ತು! ಅಯ್ಯೋ ಎಂದು ಕೂಗಿದೆ. ಹೊರಗೆ ಓಣಿಯವರು ಈ ಸದ್ದು ಯಾವ ಪಕ್ಷದ್ದು ಎಂದು ತಿಳಿಯದೆ ಗೊಂದಲಕ್ಕೆ ಬಿದ್ದರು. ಕುಂಟುತ್ತ ಗುಂಡು ಹುಡುಕಿ, ಈ ಸಲ ತೂತಿನ ಮೇಲೇ ಹಿಡಿದು ಬಿಟ್ಟೆ.

ಠಣ್!

"ಮೂರು!" ಖೈರೂನಬಿಯ ಕೂಗು ಪಕ್ಕದ ಬಡಾವಣೆ ವಡಗಾವಿಗೂ ಕೇಳಿಸಿರಬೇಕು.

ಈರಣ್ಣನವರು ಕೊಡ ಬೋರಲು ಹಾಕಿ, ಎಲ್ಲರಿಗೂ ಗೊತ್ತಿದ್ದುದನ್ನು ಎಲ್ಲರೆದುರು ಎಣಿಸಿ, ಫಲಿತಾಂಶ ಸಾರಿದರು. ಠರಾವು ಪಾಸಾಗಿತ್ತು. ಗೆದ್ದವಳು ಶಕುಂತಲಾ, ಅವಳು ತನ್ನ ವಿರುದ್ಧವೇ ಮತ ಹಾಕಿದ್ದಳು. ಸೋತವನು ನಾನು, ನಾನು ಎದುರು ಪಕ್ಷಕ್ಕೇ ಮತ ಹಾಕಿದ್ದೆ. ಎದುರಾಳಿ ಗೆಲ್ಲಿಸಲು ಹೊರಟರೂ ಬಿಡದೆ, ಸ್ವಂತ ಮತದಿಂದ ಸೋತ ಅಭ್ಯರ್ಥಿ ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಇನ್ನೊಬ್ಬ ಇದ್ದರೆ ದಯವಿಟ್ಟು ತಿಳಿಸಿ. ಈರಣ್ಣನವರು ಆಚಾರ ಸಂಹಿತೆ ಮುಗಿಯಿತೆಂದು ಘೋಷಿಸಿದ ಮರುಕ್ಷಣವೇ ತಾಟು ಹಿಡಿದು ಕೂತರು.

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನ್ನ ತ್ಯಾಗದ ಬಗ್ಗೆ ಯಾರಾದರೂ ಒಂದು ಮಾತು ಆಡುತ್ತಾರೆಂದು ಅಲ್ಲಲ್ಲಿ ಹೋಗಿ ನಿಂತೆ. ಮಹಾಂತೇಶ ಖೋಲಿಯ ಅಳತೆ ತೆಗೆಯುತ್ತ, "ಅಪ್ಪಾ, ಒಂದೀಟು ಅತ್ತಾಗ ಆಗ್ರಿ," ಎಂದ. ಅವ್ವ ರೊಟ್ಟಿ ಮುರಿಯುತ್ತಿದ್ದಳು, ನಾನು ಕಾಣಲಿಲ್ಲ. ಇರಲಿ. ತಿಳಿಯಬೇಕಾದವಳಿಗೆ ತಿಳಿದಿದೆಯಲ್ಲ ಎಂದುಕೊಂಡು ಕುಂಟುತ್ತ ಅಡುಗೆಮನೆಗೆ ಹೋದೆ. ಶಕುಂತಲಾ ರೊಟ್ಟಿ ಬಡಿಯುತ್ತಿದ್ದಳು. ಅವಳ ಮುಖದ ಮೇಲೆ ಒಲೆಯ ಬೆಳಕಿತ್ತು.

"ಶಕುಂತಲಾ, ಒಂದು ಮಾತು ಕೇಳ್ಲೇನು? ನಿನ್ನ ಅಂಗಡಿಗೆ ನೀನ ಯಾಕ ಕರೇದು ಹಾಕಿದಿ?"

ಅವಳು ಕೈ ನಿಲ್ಲಿಸಲಿಲ್ಲ.

"ಈ ಎರಡು ದಿನಾ ನೀವು ಅಡಿಗಿ ಮನಿಗೆ ಎಷ್ಟು ಸಲ ಬಂದ್ರಿ, ನೆಪ್ಪೈತೇನು? ಡಬ್ಬಿ ತಗದು ನೋಡಿದ್ರಿ. ಹಂಚು ಮುಟ್ಟಿ ನೋಡಿದ್ರಿ. ಈರುಳ್ಳಿ ಹಿಂಗ ಯಾಕ ಹೆಚ್ಚತಿ ಅಂತ ಕೇಳಿದ್ರಿ. ನನ್ನ ತಲಿ ಚಿಟ್ಟ ಹಿಡದು ಹೋತು. ಮುಂದಿನ ಖೋಲಿ ಹೋತಂದ್ರ ಇವ್ರು ದಿನಂಪ್ರತಿ ಇಲ್ಲೇ ಬಂದು ನಿಲ್ಲತಾರ ಅಂತ ಅಂಜಿಕಿ ಆತು ನನಗ. ಅಂಗಡಿ ಹೋದ್ರ ಹೋಗ್ಲಿ, ಈ ಮನ್ಯಾಗ ನನ್ನದು ಅಂತ ಇರೂ ಜಾಗಾ ಇದೊಂದ, ಇದರ ಉಳೀಲಿ ಅಂತ ಹಾಕಿದೆ. ನೀವು ನೋಡಿದ್ರ ಆ ಪರಿ ಸಪ್ಪಳ ಮಾಡಿ ಗುಂಡು ಹಾಕಿ ಬಂದ್ರಿ!"

ಏನೋ ಹೇಳಲೆಂದು ಒಂದು ಹೆಜ್ಜೆ ಮುಂದಿಟ್ಟೆ.

"ಬಾಜೂಕ ಸರೀರಿ," ಎಂದಳು. "ಹಿಟ್ಟಿನ ಮ್ಯಾಲ ನಿಂತೀರಿ."

ಕೆಳಗೆ ನೋಡಿದೆ. ನಿಂತಿದ್ದೆ!